ಮೈಕಮ್ಮನ ವಾಪಸ್ ಲಕೋಟೆ

ನಮ್ಮ ಅತ್ತೆಗೆ ಊರವರು ಇಟ್ಟ ಹೆಸರು ಮೈಕಮ್ಮ. ಬಸ್ ನಿಲ್ದಾಣದ ಮೂಲೆಯಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆಯೊಂದಿತ್ತು. ಅಲ್ಲಿ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಮೈಕಿನಲ್ಲಿ ಕೂಗುವುದು ಅವರ ನೌಕರಿ. ಮೈಕು ಕೆಟ್ಟ ದಿನ ಕಿಟಕಿ ತೆರೆದು ಹಾಗೆಯೇ ಕೂಗುತ್ತಿದ್ದರಂತೆ, ಯಾರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲವಂತೆ. ಮನೆಗೆ ಬಂದ ಮೇಲೂ ಆ ದನಿ ಇಳಿಯುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಕಿಟಕಿಯಿಂದಾಚೆ ನೋಡುತ್ತ ನಿಂತಿದ್ದೆ. ಬೆನ್ನ ಹಿಂದಿನಿಂದ, "ಪ್ರಯಾಣಿಕರ ಗಮನಕ್ಕೆ. ಒಲೆ ಮೇಲಿನ ಹಾಲು ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಡಲಿದೆ" ಎಂದು ಕೇಳಿಸಿತು. ನಾನೂ ಬಾಯಿಗೆ ಬೀಗ ಹಾಕಿಕೊಂಡು ಬಂದವಳಲ್ಲ. "ಕಂಡಕ್ಟರ್ ಇಷ್ಟು ಹತ್ತಿರ ನಿಂತಿದ್ರಲ್ಲ ಅತ್ತೆ, ಸೀಟಿ ಊದಿ ನಿಲ್ಲಿಸಬಹುದಿತ್ತು" ಎಂದೆ. ಅಂದಿನಿಂದ ನಮ್ಮಿಬ್ಬರದು ಹಾವು ಮುಂಗುಸಿಯ ಸಂಬಂಧ. ಈಗ ಹೇಳುತ್ತೇನೆ, ಅಷ್ಟು ಚೆನ್ನಾಗಿ ಜಗಳವಾಡುವವರು ಮನೆಯಲ್ಲಿ ಸಿಗುವುದಕ್ಕೂ ಪುಣ್ಯ ಮಾಡಿರಬೇಕು.

ಮಾವ ಇದಕ್ಕೆ ತದ್ವಿರುದ್ಧ. ಅವರು ಕಟ್ಟು ಹಲ್ಲು ಮಾಡುವವರು. ದಂತವೈದ್ಯರು ಕಳಿಸಿದ ಅಚ್ಚು ನೋಡಿ, ಮೇಣದಲ್ಲಿ ಹಲ್ಲು ಜೋಡಿಸಿ, ಉಜ್ಜಿ ನಯ ಮಾಡಿ ಕೊಡುತ್ತಾರೆ. ಊರಿನ ಅರ್ಧ ಮುದುಕರ ನಗು ತಯಾರಾಗುವುದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ದಿನವಿಡೀ ಬಾಯಿಯದೇ ಕೆಲಸ, ಆದರೆ ತಮ್ಮ ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಹೂಂ ಎಂದರೆ ಅದೇ ಭಾಷಣ. ಆ ಕೋಣೆಯಲ್ಲಿ, ಸುಣ್ಣದಂತೆ ಬೆಳ್ಳಗಿರುವ ಅಚ್ಚುಗಳ ಸಾಲಿನ ಪಕ್ಕದಲ್ಲೇ, ಅವರ ಹ್ಯಾಮ್ ರೇಡಿಯೋ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು ಸ್ವಂತ ರೇಡಿಯೋದಿಂದ ಬೇರೆ ದೇಶದ ಅಂಥವರ ಜೊತೆ ಮಾತಾಡುವ ಹವ್ಯಾಸ ಅದು. ಮಾವ ಅಲ್ಲೂ ಬಾಯಿಂದ ಮಾತಾಡುವವರಲ್ಲ. ಒಂದು ಸಣ್ಣ ಕೀಲಿಯನ್ನು ಬೆರಳಲ್ಲಿ ಒತ್ತಿ, ಚಿಕ್ಕ ಸದ್ದು ಉದ್ದ ಸದ್ದುಗಳ ಮೋರ್ಸ್ ಸಂಕೇತದಲ್ಲಿ ಕಳಿಸುತ್ತಿದ್ದರು. ಅತ್ತೆಗೆ ಅದನ್ನು ಕಂಡರೆ ಉರಿಯುತ್ತಿತ್ತು.

"ಯಾವ ದೇಶದವನ ಜೊತೆಗೋ ಮಳೆ ಬಿಸಿಲಿನ ಮಾತು. ಇಲ್ಲಿ ಸಕ್ಕರೆ ಮುಗಿದಿದೆ ರೀ ಅಂದ್ರೆ ಕಿವಿ ಕೇಳಲ್ಲ" ಎಂದು ಕೂಗುತ್ತಿದ್ದರು. ಮಾವ ಕಿವಿಗೆ ಹಾಕಿಕೊಂಡ ಹೆಡ್‌ಫೋನನ್ನು ಇನ್ನಷ್ಟು ಒತ್ತಿಕೊಳ್ಳುತ್ತಿದ್ದರು.

ಈ ಹವ್ಯಾಸದವರಲ್ಲಿ ಒಂದು ಪದ್ಧತಿಯಿದೆ. ರೇಡಿಯೋದಲ್ಲಿ ಮಾತಾಡಿದ ಮೇಲೆ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಾರ್ಡು ಕಳಿಸಿಕೊಳ್ಳುತ್ತಾರೆ. 'ನೀವು ನನಗೆ ಕೇಳಿಸಿದ್ದೀರಿ' ಎಂಬುದಕ್ಕೆ ಆ ಕಾರ್ಡೇ ಸಾಕ್ಷಿ. ಅದರಲ್ಲಿ ತಾರೀಖು, ವೇಳೆ ಮತ್ತು ಮೂರು ಅಂಕಿಗಳಿರುತ್ತವೆ. ಮೊದಲನೆಯದು ಮಾತು ಎಷ್ಟು ಅರ್ಥವಾಯಿತು ಎಂಬುದಕ್ಕೆ, ಅದರಲ್ಲಿ ಐದೇ ಪೂರ್ತಿ. ಎರಡನೆಯದು ಎಷ್ಟು ಗಟ್ಟಿಯಾಗಿ ಕೇಳಿಸಿತು, ಮೂರನೆಯದು ಸ್ವರ ಎಷ್ಟು ಶುದ್ಧ ಎಂಬುದಕ್ಕೆ, ಇವೆರಡರಲ್ಲಿ ಒಂಬತ್ತು ಪೂರ್ತಿ. ಕಾರ್ಡಿನ ಕೆಳಗೆ ಎರಡು ಚೌಕಗಳು: 'ದಯವಿಟ್ಟು ನಿಮ್ಮ ಕಾರ್ಡು ಕಳಿಸಿ', 'ನಿಮ್ಮ ಕಾರ್ಡಿಗೆ ವಂದನೆ'. ಯಾವುದು ಸರಿಯೋ ಅದಕ್ಕೆ ಗುರುತು ಹಾಕುತ್ತಾರೆ. ಯಾರು ಕಾರ್ಡು ಬೇಕೆಂದು ಕೇಳುತ್ತಾರೋ ಅವರೇ ವಾಪಸ್ ಬರುವ ಅಂಚೆ ಖರ್ಚನ್ನೂ ಕೊಡಬೇಕು. ತಮ್ಮ ವಿಳಾಸ ಬರೆದ ಲಕೋಟೆಯ ಜೊತೆಗೆ ಒಂದು ಅಂತರರಾಷ್ಟ್ರೀಯ ಕೂಪನ್ ಇಟ್ಟು ಕಳಿಸುವುದು ಮಾವನ ಕ್ರಮ. ಆ ಕೂಪನ್ ಕೊಟ್ಟರೆ ಆ ದೇಶದ ಅಂಚೆ ಕಚೇರಿಯವರು ಅಲ್ಲಿಯ ಸ್ಟಾಂಪು ಕೊಡುತ್ತಾರೆ.

"ಕೇಳಿದವರೇ ತೆರಬೇಕು. ಪರರಿಗೆ ಭಾರ ಆಗಬಾರದು" ಎಂಬುದು ಮಾವ ಪೂರ್ತಿ ವಾಕ್ಯದಲ್ಲಿ ಹೇಳುತ್ತಿದ್ದ ಕೆಲವೇ ಮಾತುಗಳಲ್ಲಿ ಒಂದು.

ಅತ್ತೆಗೆ ನಿವೃತ್ತಿ ಹತ್ತಿರ ಬಂದಾಗ ಗಂಟಲು ಕಟ್ಟಿತು. ಕೂಗಿ ಕೂಗಿ ಹಾಗಾಗಿದೆ ಎಂದುಕೊಂಡೆವು. ಆಸ್ಪತ್ರೆಯಲ್ಲಿ ಬೇರೆಯೇ ಹೇಳಿದರು. ಗಂಟಲಲ್ಲಿ ಗಡ್ಡೆ ಇದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಅತ್ತೆ ವೈದ್ಯರನ್ನು ಕೇಳಿದ್ದು ಒಂದೇ ಮಾತು: "ಎಷ್ಟು ದಿನ ಟೈಮ್ ಕೊಡ್ತೀರಿ, ಸೊಸೆಗೆ ಬೈಯೋದು ಸ್ವಲ್ಪ ಬಾಕಿ ಇದೆ." ನಾನು ಆ ಬಾಗಿಲಲ್ಲೇ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಲಾರಿ ಓಡಿಸುವ ನನ್ನ ಗಂಡ ಎಲ್ಲಿಂದಲೋ ಓಡಿಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಜೀವ ಉಳಿಯಿತು. ಮನೆ ಮಾತ್ರ ಮೂಕವಾಯಿತು. ಗಂಟಲಿಗೆ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಅದರಿಂದ ಹೊರಟ ದನಿಯನ್ನು ಒಮ್ಮೆ ಕೇಳಿಸಿಕೊಂಡ ಅತ್ತೆ ಅದನ್ನು ಕಪಾಟಿಗೆ ಹಾಕಿ ಬೀಗ ಹಾಕಿದರು. ಕೊರಳಿಗೆ ಸ್ಲೇಟು ತಗುಲಿಹಾಕಿಕೊಂಡರು. ಜನರ ಬುದ್ಧಿಯನ್ನು ಏನೆಂದು ಹೇಳಲಿ. ಅವರು ಬರೆದು ತೋರಿಸಿದರೆ ಎಲ್ಲರೂ ಅವರ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದರು. ಹೋಗಿರುವುದು ದನಿ, ಕಿವಿಯಲ್ಲ ಎಂದು ನಾನು ಎಷ್ಟು ಜನರಿಗೆ ಹೇಳಲಿ? ಇನ್ನು ಕೆಲವರು ಓದುವ ಮೊದಲೇ 'ಹೌದು ಹೌದು' ಎಂದು ತಲೆಯಾಡಿಸುತ್ತಿದ್ದರು. ಒಮ್ಮೆ ನೆಂಟರ ಮುಂದೆ ಅತ್ತೆ ಬೇಕೆಂದೇ ಸ್ಲೇಟಿನಲ್ಲಿ 'ನಿಮ್ಮ ತಲೆಯಲ್ಲಿ ಮಣ್ಣಿದೆ' ಎಂದು ಬರೆದರು. ಅವರು ಕರುಣೆಯಿಂದ, "ಹೌದು, ಎಲ್ಲ ಸರಿಹೋಗುತ್ತೆ" ಎಂದರು. ನಾನು ನಕ್ಕೆ. ಅತ್ತೆ ನಗಲಿಲ್ಲ. ಸ್ಲೇಟು ಒರೆಸಿ ಒಳಗೆ ಹೋದರು.

ಒಂದು ಸಂಜೆ ಮಾವ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಬಜರು ಮಾಡಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಗುಂಡಿ ಒತ್ತಿದರೆ ಕುಂಯ್ ಎನ್ನುತ್ತಿತ್ತು.

"ಕಲಿಸ್ತೀನಿ, ಕೂತ್ಕೊಳ್ಳೇ" ಎಂದರು.

ಅತ್ತೆ ಸ್ಲೇಟಿನಲ್ಲಿ ಬರೆದರು: 'ಇಷ್ಟು ವರ್ಷ ಮಾತಾಡದ ಗಂಡ ಈಗ ಹಕ್ಕಿ ಹಾಗೆ ಕೂಗೋದು ಕಲಿಸ್ತಾನಂತೆ.' ಆದರೂ ಕೂತರು. ಮೊದಲು ಕಲಿತದ್ದು ಪ್ರಶ್ನಾರ್ಥಕ ಚಿಹ್ನೆ: ಎರಡು ಚಿಕ್ಕ ಸದ್ದು, ಎರಡು ಉದ್ದ, ಮತ್ತೆ ಎರಡು ಚಿಕ್ಕದು. ರೇಡಿಯೋದವರ ರೂಢಿಯಲ್ಲಿ ಅದಕ್ಕೆ 'ಕೇಳಿಸಲಿಲ್ಲ, ಮತ್ತೆ ಹೇಳಿ' ಎಂದರ್ಥ. ಮನೆಯಲ್ಲಿ ದಿನವಿಡೀ ಅದೇ ಸದ್ದು. ಕೇಳಿ ಕೇಳಿ ನನಗೂ ಬಂತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದರೆ ಅಡುಗೆಮನೆಯಿಂದ ಬಜರು ಕುಂಯ್‌ಗುಟ್ಟಿ, ಉಪ್ಪು ಜಾಸ್ತಿಯಾಗಿದೆ ಎಂದು ನನಗೆ ಬೈಗುಳ ಬರುತ್ತಿತ್ತು. ಬಹಳ ದಿನಗಳ ಮೇಲೆ ಬಂದ ಬೈಗುಳ. ಸೂಜಿ ನಿಲ್ಲಿಸಿ ಕೇಳಿಸಿಕೊಂಡೆ, ಎಷ್ಟು ಹಿತವಾಗಿತ್ತು.

ಅತ್ತೆ ಹಟ ಹಿಡಿದರೆ ಮುಗಿಯಿತು. ಪರೀಕ್ಷೆ ಬರೆದು ತಮ್ಮ ಹೆಸರಿಗೇ ಲೈಸೆನ್ಸ್ ಪಡೆದರು. ತಮ್ಮದೇ ಕಾರ್ಡನ್ನೂ ಅಚ್ಚು ಹಾಕಿಸಿದರು, ಅದರ ಮೇಲೆ ಒಂದು ಬಸ್ಸಿನ ಚಿತ್ರ. ಆಮೇಲೆ ಒಂದು ಸಂಜೆ, ಅಚ್ಚುಗಳ ಸಾಲಿನ ಮುಂದೆ ಕೂತು, ಮಾವನ ಹೆಡ್‌ಫೋನ್ ಹಾಕಿಕೊಂಡು, ಜಗತ್ತಿನಲ್ಲಿ ಯಾರಾದರೂ ಇದ್ದೀರಾ ಎಂದು ಕರೆದರು. ಕರೆದೇ ಕರೆದರು. ನಾನು ಚಹಾ ತಂದಿಟ್ಟೆ, ಆರಿಹೋಯಿತು. ಮಾವ ಒಂದು ಹಲ್ಲನ್ನೇ ಉಜ್ಜುತ್ತ ನಿಂತಿದ್ದರು. ಕೊನೆಗೆ ಅತ್ತೆಯ ಬೆನ್ನು ನೆಟ್ಟಗಾಯಿತು. ಎಲ್ಲೋ ಚಳಿಯ ದ್ವೀಪವೊಂದರಿಂದ ಒಬ್ಬ ಉತ್ತರಿಸಿದ್ದ.

ಅವನು ಕೊಟ್ಟ ಅಂಕಿ ಐದು, ಐದು, ಒಂಬತ್ತು. ಎಲ್ಲ ಅರ್ಥವಾಗಿದೆ, ಸದ್ದು ಸ್ವಲ್ಪ ಕ್ಷೀಣ, ಸ್ವರ ಪೂರ್ತಿ ಶುದ್ಧ. ಸಾಮಾನ್ಯವಾಗಿ ಎಲ್ಲರೂ ಎಲ್ಲರಿಗೂ ಪೂರ್ತಿ ಅಂಕವನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಾರಂತೆ. ಈ ಮನುಷ್ಯ ಮಧ್ಯದ ಅಂಕ ಕಡಿಮೆ ಮಾಡಿದ್ದಕ್ಕೇ ಅತ್ತೆಗೆ ಅವನ ಮೇಲೆ ನಂಬಿಕೆ ಬಂತು. 'ಇವನು ಕರುಣೆಗೆ ತಲೆ ಆಡಿಸೋನಲ್ಲ' ಎಂದು ಸ್ಲೇಟಿನಲ್ಲಿ ಬರೆದರು. ಕೆಳಗೆ ದೊಡ್ಡದಾಗಿ 'ಸ್ವರ ಒಂಬತ್ತು' ಎಂದು ಬರೆದು ಎರಡು ಗೆರೆ ಎಳೆದರು. ಆ ಒಂಬತ್ತು ನಮ್ಮ ರೇಡಿಯೋ ಪೆಟ್ಟಿಗೆಯ ಗುಣಕ್ಕೆ ಸಲ್ಲಬೇಕಾದ ಅಂಕವೇ ಹೊರತು ಒತ್ತುವವರ ಬೆರಳಿಗಲ್ಲ ಎಂದು ಮಾವನಿಗೆ ಗೊತ್ತಿತ್ತು. ಅವರು ಹೇಳಲಿಲ್ಲ. ಮಾತಾಡದ ಮನುಷ್ಯ ಸುಮ್ಮನಿದ್ದದ್ದಕ್ಕೆ ನಾನು ಮೊದಲ ಬಾರಿ ಮನಸ್ಸಿನಲ್ಲೇ ಕೈಮುಗಿದೆ.

ಇನ್ನು ಅತ್ತೆಗೆ ಬೇಕಾದದ್ದು ಆ ಕಾರ್ಡು. ತಾನು ಯಾರೆಂದು ತಿಳಿಯದ, ಉಸಿರಾಡಲು ತನ್ನ ಕೊರಳಲ್ಲಿ ಮಾಡಿದ ತೂತು ನೋಡದ ಒಬ್ಬನಿಗೆ ತನ್ನ ಮಾತು ಕೇಳಿಸಿತು ಎಂಬುದು ಕಾಗದದ ಮೇಲೆ ಬೇಕಿತ್ತು. ತಮ್ಮ ಕಾರ್ಡಿಟ್ಟ ಲಕೋಟೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ತಾವೇ ಅಂಚೆ ಕಚೇರಿಯಿಂದ ಸ್ಟಾಂಪು ತಂದು, ತಾವೇ ಅಂಟಿಸಿ, ತಾವೇ ಡಬ್ಬಿಗೆ ಹಾಕಿ ಬಂದರು. ಅಂದಿನಿಂದ ಪೋಸ್ಟಿನಣ್ಣನ ಸೈಕಲ್ ಬರುವ ಹೊತ್ತಿಗೆ ಗೇಟಿನ ಹತ್ತಿರ ಅವರಿಗೆ ಏನಾದರೂ ಕೆಲಸ ಬೀಳುತ್ತಿತ್ತು. ಒಂದು ದಿನ ಗೇಟು ಒರೆಸುತ್ತಿದ್ದರು. ಕಬ್ಬಿಣದ ಗೇಟನ್ನು ಯಾರಾದರೂ ಒರೆಸುತ್ತಾರೆಯೇ?

ವಾರಗಳು ಕಳೆದವು. ಕಾರ್ಡು ಬರಲಿಲ್ಲ. ಹೀಗಿರುವಾಗ ಮಾವ ಕೂಪನ್ ಇಡುವ ಚಹಾ ಡಬ್ಬಿಯನ್ನು ತೆರೆದವರು ಹಾಗೇ ನಿಂತುಬಿಟ್ಟರು. ಅತ್ತೆಗೆಂದೇ ತೆಗೆದಿಟ್ಟಿದ್ದ ಕೂಪನ್ ಇನ್ನೂ ಅಲ್ಲೇ ಇತ್ತು.

"ಹಾಗಾದ್ರೆ ವಾಪಸ್ ಖರ್ಚಿಗೆ ಏನಿಟ್ಟಳು?" ಎಂದು ನನ್ನನ್ನು ಕೇಳಿದರು.

"ಸ್ಟಾಂಪು ಅಂಟಿಸಿದ್ರಲ್ಲ ಮಾವ. ವಾಪಸ್ ಬರೋ ಲಕೋಟೆ ಮೇಲೂ ಅಂಟಿಸಿದ್ರು. ಚಂದದ್ದೇ ಆರಿಸಿ ತಂದಿದ್ರು, ಹಕ್ಕಿ ಚಿತ್ರದ್ದು."

ಮಾವ ತಲೆಯ ಮೇಲೆ ಕೈಯಿಟ್ಟುಕೊಂಡರು. ನಮ್ಮ ದೇಶದ ಸ್ಟಾಂಪು ಅಂಟಿಸಿದ ಲಕೋಟೆಯನ್ನು ಆ ದ್ವೀಪದ ಅಂಚೆಯವರು ಮುಟ್ಟುವುದೂ ಇಲ್ಲ. ಅಲ್ಲಿಂದ ಹೊರಡುವ ಕಾಗದಕ್ಕೆ ಅಲ್ಲಿಯದೇ ಸ್ಟಾಂಪು ಬೇಕು. ಅತ್ತೆಯ ಲೆಕ್ಕ ಬಸ್ ನಿಲ್ದಾಣದ ಲೆಕ್ಕ. ಹೋಗಿಬರುವ ಟಿಕೆಟ್ಟನ್ನು ಹೊರಟ ಊರಲ್ಲೇ ತೆಗೆದರೆ ವಾಪಸ್ ಬರುವಾಗ ಯಾವ ಕಂಡಕ್ಟರೂ ತಕರಾರು ಮಾಡುವುದಿಲ್ಲ. ಬಸ್ಸಿನವರಲ್ಲದೆ ಇನ್ನಾರೂ ಇಷ್ಟು ವಿಶ್ವಾಸದಿಂದ ಈ ತಪ್ಪು ಮಾಡಲಾರರು.

"ಹೇಳಿಬಿಡಿ ಮಾವ. ಇನ್ನೊಂದು ಕಳಿಸಿದ್ರಾಯ್ತು" ಎಂದೆ.

"ಬೇಡಮ್ಮ. ಈಗಷ್ಟೇ ಬಾಯಿ ಬಂದಿದೆ ಅವಳಿಗೆ. ಮೊದಲನೇ ಮಾತೇ ತಪ್ಪು ಅಂದ್ರೆ ಮತ್ತೆ ಮುಚ್ಚಿಬಿಡ್ತಾಳೆ."

ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಅತ್ತೆ ಆಗಲೇ ರೇಡಿಯೋದ ಮುಂದೆ ಕೂರುವುದನ್ನು ನಿಲ್ಲಿಸಿದ್ದರು. ನಾನು ಕಾರಣ ಕೇಳಿದಾಗ ಸ್ಲೇಟಿನಲ್ಲಿ, 'ಅವನೂ ಹೌದು ಹೌದು ಅಂದಿರಬೇಕು ಬಿಡು' ಎಂದು ಬರೆದು, ನಾನು ಓದಿ ಮುಗಿಸುತ್ತಲೇ ಒರೆಸಿದರು. ಬಜರೂ ಸುಮ್ಮನಾಗುತ್ತ ಬಂತು. ಉಪ್ಪು ಜಾಸ್ತಿ ಹಾಕಿ ನೋಡಿದೆ. ಮಾತಿಲ್ಲದೆ ಉಂಡು ಎದ್ದರು.

ಮಾವ ಕೂಪನ್ನಿನ ಜೊತೆ ಒಂದು ಚೀಟಿ ಇಟ್ಟು, ನನ್ನ ಹೆಂಡತಿಗೆ ಈ ವಾಪಸ್ ಅಂಚೆಯ ಕ್ರಮ ತಿಳಿದಿರಲಿಲ್ಲ, ಮನ್ನಿಸಿ, ದಯವಿಟ್ಟು ಅವಳಿಗೊಂದು ಕಾರ್ಡು ಕಳಿಸಿ ಎಂದು ಬರೆದು ಗುಟ್ಟಾಗಿ ಅಂಚೆಗೆ ಹಾಕಿದರು. ಆ ವಾರ ಯಾರದೋ ಮೇಲಿನ ಸಾಲಿನ ಹಲ್ಲನ್ನು ಕೆಳಗೆ ಜೋಡಿಸಿ ವೈದ್ಯರಿಂದ ಬೈಸಿಕೊಂಡರು.

ಅವರ ಕಾಗದ ದಾರಿಯಲ್ಲಿರುವಾಗಲೇ ಒಂದು ಬೆಳಗ್ಗೆ ಪೋಸ್ಟಿನಣ್ಣ ಗೇಟಿನಲ್ಲಿ ನಿಂತು ಬೆಲ್ಲು ಬಾರಿಸಿದ. ಅತ್ತೆ ಗೇಟಿಗೆ ಹೋಗುವುದನ್ನು ಬಿಟ್ಟಿದ್ದರಿಂದ ನಾನೇ ಹೋದೆ. ದಪ್ಪ ಲಕೋಟೆ, ಮೇಲೆ ನಾನು ಎಂದೂ ನೋಡದ ಸ್ಟಾಂಪುಗಳು, ಹೆಸರು ಅತ್ತೆಯದು. ಓಡಿದೆ, ಚಪ್ಪಲಿ ಅಂಗಳದಲ್ಲೇ ಉಳಿಯಿತು.

ಅತ್ತೆ ಕತ್ತರಿಯಿಂದ ಅಂಚನ್ನು ಮಾತ್ರ ಕತ್ತರಿಸಿ ತೆರೆದರು. ಒಳಗಿನಿಂದ ಕಾರ್ಡು ಬಂತು. ತಗಡಿನ ಮಾಡಿನ ಮನೆ, ಪಕ್ಕದಲ್ಲಿ ಎತ್ತರದ ಕಂಬ, ಕಂಬಕ್ಕೆ ಕಟ್ಟಿದ ಒಂದು ಮೇಕೆ. ಹಿಂದೆ ಐದು, ಐದು, ಒಂಬತ್ತು. ಅದರ ಕೆಳಗೆ ಹೀಗೆ ಬರೆದಿತ್ತು: 'ನಾನು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು. ನಮ್ಮ ಅಂಚೆ ದೋಣಿ ತಿಂಗಳಿಗೊಮ್ಮೆ, ತಡವಾಯಿತು. ನಿಮ್ಮ ಸ್ಟಾಂಪಿನ ಹಕ್ಕಿಗಳು ಬಹಳ ಚೆನ್ನಾಗಿವೆ, ಆದರೆ ನಮ್ಮ ಅಂಚೆಯವರು ಅವನ್ನು ಹಾರಲು ಬಿಡುವುದಿಲ್ಲ. ಹಾಗಾಗಿ ನನ್ನ ಸ್ಟಾಂಪು ಹಾಕಿದ್ದೇನೆ, ನಿಮ್ಮ ಲಕೋಟೆಯನ್ನು ನಿಮಗೇ ಮರಳಿಸಿದ್ದೇನೆ. ನೀವು ಪ್ರತಿ ಅಕ್ಷರವನ್ನೂ ಅವಸರವಿಲ್ಲದೆ ಕಳಿಸುತ್ತೀರಿ. ಎಲ್ಲವೂ ಕೇಳಿಸಿತು. ಮತ್ತೆ ಕರೆಯಿರಿ.' ಜೊತೆಗೆ ಮಡಿಚಿದ ಅತ್ತೆಯದೇ ಲಕೋಟೆ, ಮುದ್ರೆ ಬೀಳದ ಹಕ್ಕಿಗಳೊಂದಿಗೆ, ಅದರ ಮೇಲೆ ನಮ್ಮದೇ ಮನೆಯ ವಿಳಾಸ.

ಅತ್ತೆ ದನಿಯಿಲ್ಲದೆ ಅಳುವುದು ಹೇಗೆಂದು ನಾನು ಅಂದು ನೋಡಿದೆ. ಹೆಗಲು ಮಾತ್ರ ಅಲುಗುತ್ತದೆ. ನಾನು ಎರಡು ದನಿಗಳಲ್ಲಿ ಅತ್ತು ಅವರ ಪಾಲನ್ನೂ ಪೂರೈಸಿದೆ. ಆ ಅಡುಗೆಯವ ಪುಣ್ಯಾತ್ಮನಿಗೆ, ಅವನ ಮೇಕೆಗೂ, ನಾನು ಇಂದಿಗೂ ಋಣಿ. ಒಂದು ಸ್ಟಾಂಪಿನ ಖರ್ಚನ್ನು ಲೆಕ್ಕಕ್ಕಿಡದೆ ನಮ್ಮ ಮನೆಯ ಬಾಯಿಯನ್ನು ನಮಗೆ ವಾಪಸ್ ಕೊಟ್ಟ. ಅಂದು ಊಟದ ಹೊತ್ತಿಗೆ ಬಜರು ಬಡಿದುಕೊಂಡಿತು: ಉಪ್ಪು, ಉಪ್ಪು, ಉಪ್ಪು.

ಮಾವ ಮಾಡಿದ ಗುಟ್ಟು ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಅಡುಗೆಯವ ಪ್ರಾಮಾಣಿಕ. ಮುಂದಿನ ದೋಣಿಯಲ್ಲಿ ಇನ್ನೊಂದು ಲಕೋಟೆ ಬಂತು. ಅದೂ ಅತ್ತೆಯ ಹೆಸರಿಗೆ. ಒಳಗೆ ಮಾವನ ಚೀಟಿ, ಮುಟ್ಟದ ಕೂಪನ್, ಒಂದು ಸಾಲು: 'ನಿಮ್ಮ ಯಜಮಾನರ ಕೂಪನ್ ವಾಪಸ್ ಕಳಿಸಿದ್ದೇನೆ. ನಿಮ್ಮ ಕಾರ್ಡು ಮೊದಲೇ ಹೊರಟಿತ್ತು. ಇದು ಇನ್ನೊಂದು ಕಾರ್ಡಿಗೆ ಆದೀತು.' ಅತ್ತೆ ಮಾವನ ಚೀಟಿಯನ್ನು ಓದಿದರು. ಇನ್ನೊಮ್ಮೆ ಓದಿದರು. ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಯಾರು ಯಾರಿಗೆ ಸುಮ್ಮನಿರು ಎಂದು ಹೇಳುತ್ತಿದ್ದಾರೆ ನೋಡಿ.

ಎರಡು ದಿನ ಕಳೆದ ಮೇಲೆ ಪೋಸ್ಟಿನಣ್ಣ ಮತ್ತೆ ಬಂದ. ಮಾವ ಬಾಗಿಲಲ್ಲೇ ಇದ್ದರು. ಅವರ ಕೈಗೆ ಒಂದು ಲಕೋಟೆ ಕೊಟ್ಟ. ಮಧ್ಯದಲ್ಲಿ ಮಡಿಕೆಯ ಗುರುತು, ಹಕ್ಕಿ ಚಿತ್ರದ ಸ್ಟಾಂಪುಗಳು, ಈಗ ಅವುಗಳ ಮೇಲೆ ನಮ್ಮ ಬೀದಿಯ ಅಂಚೆ ಕಚೇರಿಯದೇ ಮುದ್ರೆ. ವಿಳಾಸದಲ್ಲಿ ತಮ್ಮ ಹೆಸರನ್ನು ಹೊಡೆದುಹಾಕಿ ಅತ್ತೆ ಮೇಲೆ ಬರೆದಿದ್ದರು: 'ಹಲ್ಲಿನ ಕೋಣೆ'. ಆ ಸ್ಟಾಂಪು ನಡೆಯುವುದು ನಮ್ಮ ದೇಶದಿಂದ ಹೊರಡುವ ಅಂಚೆಗೆ ಮಾತ್ರ, ಆ ಲಕೋಟೆ ಹೋಗಬಲ್ಲದ್ದು ನಮ್ಮ ಮನೆಗೆ ಮಾತ್ರ. ಅದಕ್ಕೆ ತಕ್ಕ ಕೆಲಸವನ್ನು ಅತ್ತೆ ಹುಡುಕಿದ್ದರು.

ಮಾವ ಕನ್ನಡಕ ಹುಡುಕಿಕೊಂಡು ಓದಿದರು. ನಾನು ಬಗ್ಗಿ ನೋಡಿದೆ, ಸುಳ್ಳೇಕೆ ಹೇಳಲಿ. ಬಸ್ಸಿನ ಚಿತ್ರದ ಕಾರ್ಡು. ತಾರೀಖಿನ ಜಾಗದಲ್ಲಿ 'ಮದುವೆಯಾದ ದಿನದಿಂದ'. ಅಂಕಿ: ಐದು, ಒಂದು, ಒಂಬತ್ತು. ಒಂದರ ಪಕ್ಕದಲ್ಲಿ 'ಯಾವತ್ತು ಗಟ್ಟಿಯಾಗಿ ಮಾತಾಡಿದವರು ನೀವು?' ಎಂದು ಸಣ್ಣದಾಗಿ. ಕೆಳಗೆ: 'ನಾನು ಕೂಗುತ್ತಿದ್ದ ಕಾಲದಲ್ಲಿ ನಿಮ್ಮ ಮಾತು ನನಗೆ ಕೇಳಿಸಲಿಲ್ಲ. ಈಗ ಕೇಳಿಸಿದೆ. ಎಲ್ಲವೂ. ದೊಡ್ಡ ಉಪಕಾರವಾಯಿತು.' ಎರಡು ಚೌಕಗಳಲ್ಲಿ 'ದಯವಿಟ್ಟು ನಿಮ್ಮ ಕಾರ್ಡು ಕಳಿಸಿ' ಎಂಬುದಕ್ಕೆ ಗುರುತು. ಲಕೋಟೆ ಅಲುಗಿಸಿದಾಗ ಕೂಪನ್ ಕೆಳಗೆ ಬಿತ್ತು. ಕೇಳಿದವರೇ ತೆರಬೇಕಲ್ಲ, ಅತ್ತೆ ವಾಪಸ್ ಖರ್ಚು ಇಟ್ಟಿದ್ದರು. ತಮ್ಮ ಗುಟ್ಟು ಬಯಲಾಗಿದೆ ಎಂದು ಮಾವನಿಗೆ ಆಗ ತಿಳಿಯಿತು.

ಅವರು ಕೂಪನ್ ಹಿಡಿದು ಅಡುಗೆಮನೆಗೆ ಹೋದರು. ಅತ್ತೆ ಕಟ್ಟೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದರು.

"ಈ ಕೂಪನ್ ಇಲ್ಲಿ ನಡೆಯಲ್ಲ ಕಣೇ" ಎಂದರು ಮಾವ. ಅದನ್ನು ಕಟ್ಟೆಯ ಮೇಲೆ ಬಜರಿನ ಪಕ್ಕ ಇಟ್ಟು, "ಕಾರ್ಡ್ ಯಾಕೆ, ಎದುರಿಗೇ ಇದ್ದೀನಲ್ಲ. ಬಾಯಲ್ಲೇ ಹೇಳ್ತೀನಿ" ಎಂದರು.

ನನ್ನ ನಾಲಗೆ ಉದ್ದವಿರಬಹುದು, ಬುದ್ಧಿ ಗಿಡ್ಡವಲ್ಲ. ಬಾಗಿಲು ಎಳೆದುಕೊಂಡು ಬಂದು ಹೊಲಿಗೆ ಯಂತ್ರದ ಮುಂದೆ ಕೂತೆ, ಆದರೆ ತುಳಿಯಲಿಲ್ಲ. ಮಾವ ಏನು ಹೇಳಿದರೋ ನನಗೆ ಗೊತ್ತಿಲ್ಲ. ಬಹಳ ಹೊತ್ತು ಹೇಳಿದರು. ಅವರ ದನಿ ಅಷ್ಟು ಹೊತ್ತು ಒಂದೇ ಸಮನೆ ಕೇಳಿಸಿದ್ದು ಈ ಮನೆಯಲ್ಲಿ ಅದೇ ಮೊದಲು. ಆಮೇಲೆ ನಿಂತಿತು. ಆಗ ಬಜರು ಸದ್ದು ಮಾಡಿತು: ಎರಡು ಚಿಕ್ಕದು, ಎರಡು ಉದ್ದ, ಮತ್ತೆ ಎರಡು ಚಿಕ್ಕದು.

ಅವರಿಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಾವ ಮತ್ತೆ ಹೇಳಿದರು.